ಗಾಳಿಯನ್ನು ಗೊಬ್ಬರವಾಗಿಸುವ ಜೀವಿಗಳು

ಊಟಕ್ಕೆ ಹಟ ಮಾಡುವ ಮಗುವನ್ನು “ಗಾಳಿ ಕುಡಿದು ಬದುಕುತ್ತೀಯೇನು?” ಎಂದು ಗದರಿಸುವುದು ನಮ್ಮ ಮನೆಗಳಲ್ಲಿ ವಾಡಿಕೆ. ಗದರಿಸುವ ತಾಯಿಯ ಸೌಟಿನಲ್ಲಿ ತೊವ್ವೆಯಿದ್ದರೆ ಮಾತ್ರ ಈ ಮಾತನ್ನು ತುಸು ತಿದ್ದಿ ಹೇಳಬೇಕಾಗುತ್ತದೆ. ಆ ತೊವ್ವೆಯಲ್ಲಿ ಮಗುವಿನ ಮೈ ಬೆಳೆಸುವ ಅಂಶವೇನಿದೆಯೋ, ಅದರ ಒಂದು ಮುಖ್ಯ ಭಾಗವು ಕೆಲವು ತಿಂಗಳ ಕೆಳಗೆ ತೊಗರಿಯ ಹೊಲದ ಮೇಲೆ ಸುಳಿಯುತ್ತಿದ್ದ ಗಾಳಿಯೇ ಆಗಿತ್ತು. ಆ ಗಾಳಿಯನ್ನು ಹಿಡಿದು ಆಹಾರವಾಗಿಸಿದವರು ಯಾರು, ಆ ಕೆಲಸ ಯಾವ ಏರ್ಪಾಟಿನಲ್ಲಿ ನಡೆಯುತ್ತದೆ, ಯಾವಾಗ ಕೆಡುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ಇಂದಿಗೂ ಎರಡೋ ನಾಲ್ಕೋ ಎಕರೆ ಜಮೀನಿದೆ. ಆದ್ದರಿಂದ ಇದು ಬರಿಯ ಕುತೂಹಲದ ವಿಷಯವಲ್ಲ; ಮನೆಯ ಲೆಕ್ಕದ ವಿಷಯವೂ ಹೌದು.

ಬೀಗ ಹಾಕಿದ ಕಣಜ

ನಾವು ಇಂದು ಪ್ರೋಟೀನ್ ಎನ್ನುವುದನ್ನು ಹಿಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ‘ಸಸಾರಜನಕ’ ಎಂದು ಕರೆಯುತ್ತಿದ್ದರು. ಬಹಳ ಅರ್ಥವತ್ತಾದ ಹೆಸರು ಅದು. ಸಾರಜನಕವಿಲ್ಲದೆ ಆ ವಸ್ತುವೇ ಇಲ್ಲ. ಅದರ ತೂಕದಲ್ಲಿ ನೂರಕ್ಕೆ ಸುಮಾರು ಹದಿನಾರು ಪಾಲು ಸಾರಜನಕ. ಮನುಷ್ಯನ ಮಾಂಸಖಂಡಕ್ಕೂ, ದನದ ಹಾಲಿಗೂ, ರಾಗಿಯ ತೆನೆಗೂ ಅದು ಬೇಕೇ ಬೇಕು.

ಈ ಸಾರಜನಕಕ್ಕೆ ಬರವೇನೂ ಇಲ್ಲ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ಎಪ್ಪತ್ತೆಂಟು ಪಾಲು ಅದೇ. ಒಂದು ಎಕರೆ ಹೊಲದ ಮೇಲೆ ಆಕಾಶದುದ್ದಕ್ಕೂ ನಿಂತಿರುವ ಗಾಳಿಯನ್ನು ತೂಗಿದರೆ ಅದರಲ್ಲಿ ಸುಮಾರು ೩೧,೦೦೦ ಟನ್ ಸಾರಜನಕವಿದೆ. ಆ ಎಕರೆಯಲ್ಲಿ ಒಳ್ಳೆಯ ಬೆಳೆ ತೆಗೆಯುವುದಕ್ಕೆ ಬೇಕಾದದ್ದು ಬರಿಯ ನಲವತ್ತು ಐವತ್ತು ಕಿಲೋ. ಆದರೂ ಪೈರು ಸಾರಜನಕವಿಲ್ಲದೆ ಹಳದಿಗಟ್ಟಿ ಸೊರಗುತ್ತದೆ. ಕಣಜ ತುಂಬಿದೆ, ಬೀಗದ ಕೈ ಮಾತ್ರ ಇಲ್ಲ!

ಈ ಬೀಗವೆಂದರೆ ಏನು? ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಜೋಡಿಜೋಡಿಯಾಗಿ ಇರುತ್ತವೆ. ಒಂದು ಇನ್ನೊಂದನ್ನು ಮೂರು ಕೈಗಳಿಂದ ಹಿಡಿದುಕೊಂಡಂತೆ ಆ ಹಿಡಿತ ಬಲು ಬಿಗಿ. ಗಿಡವಾಗಲಿ ಪ್ರಾಣಿಯಾಗಲಿ ತನ್ನ ಬಲದಿಂದ ಅದನ್ನು ಬಿಡಿಸಲಾರದು. ಸಿಡಿಲು ಹೊಡೆದಾಗ ಅಲ್ಪಸ್ವಲ್ಪ ಬಿಡಿಸಿಕೊಂಡು ಮಳೆಯೊಡನೆ ನೆಲಕ್ಕೆ ಬರುತ್ತದೆ. ಮನುಷ್ಯನು ಈ ವಿದ್ಯೆಯನ್ನು ಕಲಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಫ್ರಿಟ್ಜ್ ಹೇಬರ್ ೧೯೦೯ರಲ್ಲಿ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯ ಮಾಡಿ ತೋರಿಸಿದನು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿ, ೧೯೧೩ರಲ್ಲಿ ಓಪೌ ಎಂಬಲ್ಲಿ ಕೆಲಸ ಆರಂಭವಾಯಿತು. ಅದಕ್ಕೆ ಬೇಕಾದ ಕಾವು ೪೦೦ರಿಂದ ೫೦೦ ಡಿಗ್ರಿ ಸೆಲ್ಸಿಯಸ್. ಒತ್ತಡವೋ ನಮ್ಮ ಸುತ್ತಿನ ಗಾಳಿಯ ಒತ್ತಡದ ಇನ್ನೂರು ಪಟ್ಟಿನಷ್ಟು. ಮುಂಬಯಿಯ ಓದುಗರು ಚೆಂಬೂರಿನಾಚೆ ಕಾಣುವ ಟ್ರಾಂಬೆಯ ಗೊಬ್ಬರದ ಕಾರ್ಖಾನೆಯ ಹಿಂದಿರುವುದೂ, ಮಂಗಳೂರಿನ ಕಡೆಯವರು ಬಲ್ಲ ಪಣಂಬೂರಿನ ಕಾರ್ಖಾನೆಯ ಹಿಂದಿರುವುದೂ ಇದೇ ವಿದ್ಯೆ. ಯೂರಿಯದ ಚೀಲದ ಮೂಲ ಇಲ್ಲಿದೆ.

ಇಷ್ಟೆಲ್ಲ ಬೆಂಕಿ, ಒತ್ತಡ, ಉಕ್ಕಿನ ಹಂಡೆಗಳಿಂದ ಆಗುವ ಕೆಲಸವನ್ನು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಹೊಲದ ತಂಪಿನಲ್ಲಿ, ಸದ್ದಿಲ್ಲದೆ ಮಾಡುತ್ತವೆ. ಆದರೆ ಅವು ಷರತ್ತಿಲ್ಲದೆ ದುಡಿಯುವುದಿಲ್ಲ. ಆ ಷರತ್ತುಗಳನ್ನು ತಿಳಿಯದೆ ‘ದ್ವಿದಳ ಬಿತ್ತಿದರೆ ಸಾಕು, ಭೂಮಿಗೆ ಸಾರ ಬರುತ್ತದೆ’ ಎಂದು ನಂಬಿ ಕುಳಿತರೆ ನಿರಾಶೆಯಾಗುವುದುಂಟು.

ಸುಳಿವು ಸಿಕ್ಕ ಬಗೆ

ಬೇಳೆಕಾಳು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆಂಬುದು ರೈತರಿಗೆ ಬಹು ಹಿಂದಿನಿಂದಲೂ ಗೊತ್ತಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ. ಫ್ರಾನ್ಸಿನ ಬೂಸಿಂಗೋ ೧೮೩೮ರಲ್ಲಿ ತೂಕ ಮಾಡಿ ನೋಡಿ, ಬಟಾಣಿ ಮತ್ತು ಕ್ಲೋವರ್ ಹುಲ್ಲು ಎಲ್ಲಿಂದಲೋ ಹೆಚ್ಚಿನ ಸಾರಜನಕ ಪಡೆಯುತ್ತವೆ, ಗೋಧಿ ಮತ್ತು ಓಟ್ಸ್ ಪಡೆಯುವುದಿಲ್ಲ ಎಂದು ತಿಳಿಸಿದನು. ಇಪ್ಪತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್, ಪ್ಯೂ ಎಂಬ ಮೂವರು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷೆ ನಡೆಸಿದರು. ಮಣ್ಣನ್ನು ಚೆನ್ನಾಗಿ ಸುಟ್ಟು ಶುದ್ಧಮಾಡಿ, ಗಾಜಿನ ಗಂಟೆಯ ಕೆಳಗೆ ಗಿಡ ಬೆಳೆಸಿದರು. ಯಾವ ಗಿಡವೂ ಗಾಳಿಯ ಸಾರಜನಕವನ್ನು ಹಿಡಿಯಲಿಲ್ಲ! ಅವರ ಪರೀಕ್ಷೆಯಲ್ಲಿ ಲೋಪವಿರಲಿಲ್ಲ. ಅವರ ಶುದ್ಧಿಯೇ ತೊಡಕಾಗಿತ್ತು. ಮಣ್ಣನ್ನು ಸುಟ್ಟಾಗ ಕೆಲಸಗಾರರೆಲ್ಲ ಸುಟ್ಟುಹೋಗಿದ್ದರು.

ಗಂಟು ಬಿಚ್ಚಿದ್ದು ೧೮೮೬ರಲ್ಲಿ. ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ ಬರಿಯ ಮರಳಿನಲ್ಲಿ ಬಟಾಣಿ ಬೆಳೆಸುತ್ತಿದ್ದರು. ಕೆಲವು ಕುಂಡಗಳಲ್ಲಿ ಗಿಡ ಸೊರಗಿ ಸತ್ತರೆ, ಪಕ್ಕದ ಕುಂಡದಲ್ಲಿ ಗೊಬ್ಬರವಿಲ್ಲದೆಯೇ ಸೊಂಪಾಗಿ ಬೆಳೆಯುತ್ತಿತ್ತು. ಬೆಳೆದ ಗಿಡಗಳ ಬೇರಿನಲ್ಲೆಲ್ಲ ಸಣ್ಣ ಗಂಟುಗಳಿದ್ದವು. ಹೊಲದ ಮಣ್ಣನ್ನು ತೊಳೆದ ನೀರನ್ನು ಸ್ವಲ್ಪ ಹಾಕಿದರೆ ಗಂಟು ಬಂದು ಗಿಡ ಚಿಗುರುತ್ತಿತ್ತು. ಅದೇ ನೀರನ್ನು ಕುದಿಸಿ ಹಾಕಿದರೆ ಏನೂ ಆಗುತ್ತಿರಲಿಲ್ಲ. ಎಂದರೆ ಆ ನೀರಿನಲ್ಲಿ ಇದ್ದದ್ದು ಒಂದು ಜೀವಿ. ೧೮೮೮ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು. ಇಂದು ಅದರ ಬಳಗಕ್ಕೆ ರೈಜೋಬಿಯಂ ಎಂದು ಹೆಸರು.

ಬೇರಿನೊಳಗಿನ ಬಿಡಾರ

ಗಂಟು ಕಟ್ಟುವ ಬಗೆಯೂ ಸೋಜಿಗದ್ದು. ಎಳೆಯ ಬೇರು ತನ್ನ ಸುತ್ತಲ ಮಣ್ಣಿಗೆ ಕೆಲವು ರಸಗಳನ್ನು ಒಸರುತ್ತದೆ. ಅದು ಕರೆಯೋಲೆಯಿದ್ದಂತೆ. ಮಣ್ಣಿನಲ್ಲಿರುವ ತಕ್ಕ ಬ್ಯಾಕ್ಟೀರಿಯವು ಅದನ್ನು ಗುರುತಿಸಿ ತನ್ನದೊಂದು ರಸವನ್ನು ಉತ್ತರವಾಗಿ ಕಳಿಸುತ್ತದೆ. ಉತ್ತರ ಸರಿಯಾಗಿದ್ದರೆ ಬೇರಿನ ಸಣ್ಣ ಕೂದಲು ಕೊಕ್ಕೆಯಂತೆ ಬಾಗಿ ಬ್ಯಾಕ್ಟೀರಿಯವನ್ನು ಸುತ್ತಿಕೊಳ್ಳುತ್ತದೆ. ಒಳಕ್ಕೆ ಹೋಗಲು ದಾರದಂಥ ಒಂದು ಓಣಿಯನ್ನು ತೆರೆಯುತ್ತದೆ. ಬೇರಿನ ಒಳಪದರದ ಜೀವಕೋಶಗಳು ಬೆಳೆದು ಗಂಟಾಗುತ್ತವೆ. ಒಳಹೊಕ್ಕವು ಲಕ್ಷಗಟ್ಟಲೆ ಹೆಚ್ಚಿ, ರೂಪ ಬದಲಿಸಿ, ಅಲ್ಲಿಯೇ ಬಿಡಾರ ಹೂಡುತ್ತವೆ. ಗಿಡ ಅವಕ್ಕೆ ಸಕ್ಕರೆಯಿಂದ ಬಂದ ಆಹಾರ ಕೊಡುತ್ತದೆ. ಅವು ಗಿಡಕ್ಕೆ ಸಾರಜನಕ ಕೊಡುತ್ತವೆ. ಬಾಡಿಗೆ ಮನೆಯ ಕಷ್ಟಸುಖ ಬಲ್ಲ ನಮಗೆ ಈ ಕರಾರು ಅರ್ಥವಾಗದ್ದೇನಲ್ಲ.

ಅವು ಕೇಳುವ ಷರತ್ತುಗಳು

ಮೊದಲನೆಯ ಷರತ್ತು ಉಸಿರಿನದು; ಎಲ್ಲಕ್ಕಿಂತ ಸೂಕ್ಷ್ಮವಾದದ್ದೂ ಅದೇ. ಸಾರಜನಕದ ಬೀಗ ತೆಗೆಯುವ ಕಿಣ್ವಕ್ಕೆ ನೈಟ್ರೋಜಿನೇಸ್ ಎಂದು ಹೆಸರು. ಆಮ್ಲಜನಕ ತಗುಲಿದರೆ ಅದು ಕೆಟ್ಟುಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಹಾಗೆಂದು ಆಮ್ಲಜನಕವೇ ಬೇಡವೆನ್ನುವಂತಿಲ್ಲ. ಈ ಕೆಲಸಕ್ಕೆ ಅಪಾರ ಶಕ್ತಿ ಬೇಕು. ಜೀವಕೋಶದಲ್ಲಿ ಶಕ್ತಿಯ ವ್ಯವಹಾರವೆಲ್ಲ ಎ.ಟಿ.ಪಿ. ಎಂಬ ನಾಣ್ಯದಲ್ಲಿ ನಡೆಯುತ್ತದೆಂದುಕೊಂಡರೆ, ಒಂದೇ ಒಂದು ಜೋಡಿ ಸಾರಜನಕವನ್ನು ಬಿಡಿಸಲು ಕಡಿಮೆಯೆಂದರೂ ಹದಿನಾರು ನಾಣ್ಯಗಳ ಖರ್ಚು. ಅಷ್ಟು ಶಕ್ತಿಯನ್ನು ಗಳಿಸಲು ಬ್ಯಾಕ್ಟೀರಿಯ ಉಸಿರಾಡಲೇಬೇಕು. ಆಮ್ಲಜನಕ ಇದ್ದರೆ ಕಿಣ್ವಕ್ಕೆ ಕೇಡು, ಇಲ್ಲದಿದ್ದರೆ ಶಕ್ತಿಗೆ ಕೊರತೆ! ಗಿಡವು ಇದಕ್ಕೆ ಕಂಡುಕೊಂಡಿರುವ ಉಪಾಯ ನಮ್ಮ ಮೈಯ ನೆತ್ತರನ್ನು ನೆನಪಿಗೆ ತರುತ್ತದೆ. ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನಂಟನಾದ ಒಂದು ಕೆಂಪು ವಸ್ತುವಿದೆ. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬೇಕಾದಷ್ಟನ್ನೇ ಅಳೆದು ಬ್ಯಾಕ್ಟೀರಿಯಗಳಿಗೆ ಹಂಚುತ್ತದೆ. ಈ ಕೆಂಪು ಹಿಮೋಗ್ಲೋಬಿನ್ನಿನ ಜಾತಿಯದೆಂದು ೧೯೩೯ರಲ್ಲಿ ಜಪಾನಿನ ಕುಬೊ ತೋರಿಸಿಕೊಟ್ಟರು. ಒಳ್ಳೆಯ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಕಾಣುವುದು ಇದರಿಂದಲೇ.

ಎರಡನೆಯದು ಆಹಾರ. ಗಂಟಿನ ಬ್ಯಾಕ್ಟೀರಿಯ ತಿನ್ನುವುದು ಗಿಡದ ಎಲೆಗಳು ಬಿಸಿಲಿನಲ್ಲಿ ಮಾಡಿದ ಸಕ್ಕರೆಯಿಂದ ಬಂದದ್ದನ್ನು. ನೆರಳಿನಲ್ಲಿ ಬಡವಾದ ಗಿಡ, ಹುಳು ಎಲೆ ತಿಂದ ಗಿಡ ತನ್ನ ಬಿಡಾರದವರನ್ನು ಸಾಕಲಾರದು. ಕಾಯಿ ಬಲಿಯುವ ಹೊತ್ತಿಗೆ ಸಕ್ಕರೆಯೆಲ್ಲ ಕಾಳಿನ ಕಡೆಗೆ ಹರಿಯುವುದರಿಂದ ಗಂಟುಗಳ ಕೆಲಸ ತಾನಾಗಿ ಇಳಿಮುಖವಾಗುತ್ತದೆ.

ಮೂರನೆಯದು ಖನಿಜಗಳು. ಕಿಣ್ವದ ಒಳಗೆ ಕಬ್ಬಿಣ ಮತ್ತು ಮಾಲಿಬ್ಡಿನಂ ಎಂಬ ಲೋಹಗಳಿವೆ. ಮಾಲಿಬ್ಡಿನಂ ಬೇಕಾದದ್ದು ಒಂದು ಚಿಟಿಕೆ ಮಾತ್ರ. ಆ ಚಿಟಿಕೆ ಇಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ. ರಂಜಕವಂತೂ ಧಾರಾಳವಾಗಿ ಬೇಕು. ‘ಬೇಳೆಕಾಳಿಗೆ ಗೊಬ್ಬರವೇ ಬೇಡ’ ಎಂಬುದು ಆದ್ದರಿಂದ ಅರ್ಧಸತ್ಯ; ಸಾರಜನಕ ಬೇಡ, ರಂಜಕ ಬೇಕು.

ನಾಲ್ಕನೆಯದು ಮಣ್ಣಿನ ಗುಣ. ಹೆಚ್ಚಿನ ರೈಜೋಬಿಯಂಗಳಿಗೆ ಹುಳಿ ಮಣ್ಣು ಆಗದು. ರಸಸಾರ ಸುಮಾರು ೬ರಿಂದ ೭.೫ರ ತನಕ ಇದ್ದರೆ ಹಿತ. ಮಳೆ ಹೊಡೆದು ಹೊಡೆದು ಸುಣ್ಣದ ಅಂಶ ತೊಳೆದುಹೋಗಿರುವ ಕರಾವಳಿ ಮತ್ತು ಮಲೆನಾಡಿನ ಕೆಮ್ಮಣ್ಣು ಹುಳಿಯಾಗಿರುವುದುಂಟು. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಕೂಡ ಗಿಡದ ಕೈಗೆ ಸಿಗದಂತೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಸುಣ್ಣ ಹಾಕಿದರೆ ಎರಡು ತೊಂದರೆಗಳೂ ಒಟ್ಟಿಗೆ ತಗ್ಗುತ್ತವೆ.

ಐದನೆಯದು ತೇವ ಮತ್ತು ಕಾವು. ನೀರು ನಿಂತರೆ ಬೇರಿಗೆ ಉಸಿರಿಲ್ಲ. ಒಣಗಿದರೆ ಗಂಟು ಮುರುಟುತ್ತದೆ. ೨೫ರಿಂದ ೩೦ ಡಿಗ್ರಿಯ ಸುತ್ತಿನ ಕಾವು ಅವಕ್ಕೆ ಒಗ್ಗುತ್ತದೆ. ನಲವತ್ತು ದಾಟಿದರೆ ಹೆಚ್ಚಿನವು ಸೋಲುತ್ತವೆ.

ಆರನೆಯದು ಜೋಡಿ. ಎಲ್ಲ ಕಾಳಿಗೂ ಎಲ್ಲ ಬ್ಯಾಕ್ಟೀರಿಯ ಹೊಂದುವುದಿಲ್ಲ. ಅಲಸಂದೆ, ಹೆಸರು, ನೆಲಗಡಲೆಗಳು ನಮ್ಮ ಮಣ್ಣಿನಲ್ಲಿ ಸಾಮಾನ್ಯವಾಗಿರುವ ಬಳಗದೊಡನೆ ಹೊಂದಿಕೊಳ್ಳುತ್ತವೆ. ಕಡಲೆಗೆ ತನ್ನದೇ ಬೇರೆ ಬಳಗ ಬೇಕು. ಸೋಯಾ ಅವರೆಗೆ ಮತ್ತೊಂದು. ಬ್ರೆಜಿಲ್ ದೇಶವು ಸೋಯಾ ಬೆಳೆಗೆ ತಕ್ಕ ಬ್ಯಾಕ್ಟೀರಿಯಗಳನ್ನು ಬೀಜದೊಡನೆ ಸೇರಿಸಿ ಬಿತ್ತಿ, ಸಾರಜನಕದ ಗೊಬ್ಬರವನ್ನು ಬಹುಮಟ್ಟಿಗೆ ಬಿಟ್ಟೇ ಬೆಳೆಯುತ್ತಿದೆ. ಅಲ್ಲಿಗೆ ಆ ದಾರಿ ತೋರಿಸಿದವರಲ್ಲಿ ಯೊಹಾನ್ನಾ ಡೊಬೆರೈನರ್ ಎಂಬ ಮಹಿಳೆ ಪ್ರಮುಖರು.

ಏಳನೆಯದು ಬಡತನ! ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಗಿಡವು ಬಿಡಾರದವರಿಗೆ ಸಕ್ಕರೆ ಖರ್ಚು ಮಾಡುವ ಗೊಡವೆಗೇ ಹೋಗುವುದಿಲ್ಲ; ಗಂಟುಗಳು ಕಡಿಮೆಯಾಗುತ್ತವೆ. ಬೇಳೆಕಾಳಿಗೆ ಕೈತುಂಬ ಯೂರಿಯ ಎರಚುವುದೆಂದರೆ ಮನೆಯ ಕೆಲಸಗಾರನನ್ನು ಕೂರಿಸಿ ಹೊರಗಿನವನಿಗೆ ಕೂಲಿ ಕೊಟ್ಟಂತೆ.

ಬೇರೆ ಕೆಲಸಗಾರರು

ಗಂಟಿನ ಹೊರಗೂ ಈ ವಿದ್ಯೆ ಬಲ್ಲವರಿದ್ದಾರೆ. ಉಸಿರಿನ ತೊಡಕನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡಿದ್ದಾರೆ. ಕ್ಲಾಸ್ಟ್ರಿಡಿಯಂ ಎಂಬುದು ಗಾಳಿಯಾಡದ ಕೆಸರಿನಲ್ಲಿಯೇ ಇದ್ದುಬಿಡುತ್ತದೆ. ಅಜಟೋಬ್ಯಾಕ್ಟರ್ ಎಂಬುದು ಒಳಬಂದ ಆಮ್ಲಜನಕವೆಲ್ಲ ಕಿಣ್ವಕ್ಕೆ ತಗಲುವ ಮೊದಲೇ ಮುಗಿಯುವಷ್ಟು ಬಿರುಸಾಗಿ ಉಸಿರಾಡುತ್ತದೆ. ಗದ್ದೆಯ ನೀರಿನ ನೀಲಿಹಸಿರು ಪಾಚಿಗಳಲ್ಲಿ ಅನೇಕವು ತಮ್ಮ ಸರದಲ್ಲಿ ಅಲ್ಲಲ್ಲಿ ದಪ್ಪಗೋಡೆಯ ಕೋಣೆಗಳನ್ನು ಕಟ್ಟಿ, ಅಲ್ಲಿ ಈ ಕೆಲಸ ನಡೆಸುತ್ತವೆ. ಭತ್ತದ ಗದ್ದೆಗೆ ಈ ಪಾಚಿಗಳಿಂದ ಸಾರಜನಕ ಬರುತ್ತದೆಂದು ೧೯೩೯ರಲ್ಲಿ ತೋರಿಸಿಕೊಟ್ಟವರು ನಮ್ಮ ದೇಶದವರಾದ ಪಿ. ಕೆ. ಡೇ. ಗದ್ದೆಯಲ್ಲಿ ತೇಲುವ ಅಜೋಲ ಎಂಬ ಪುಟ್ಟ ಗಿಡದ ಎಲೆಯೊಳಗೂ ಇಂಥ ಪಾಚಿಯೇ ಇದೆ. ಕಡಲತೀರದ ಬರಿ ಮರಳಿನಲ್ಲಿ ಗಾಳಿಮರ ಎತ್ತರಕ್ಕೆ ಬೆಳೆಯುವುದಕ್ಕೂ ಅದರ ಬೇರಿನಲ್ಲಿರುವ ಫ್ರಾಂಕಿಯ ಎಂಬ ಜೀವಿಯ ನೆರವಿದೆ. ಇನ್ನೂ ಸೋಜಿಗವೆಂದರೆ, ಕಡಲಿನ ಒಂದು ಸೂಕ್ಷ್ಮ ಪಾಚಿಯೊಳಗೆ ಹಿಂದೊಮ್ಮೆ ಅತಿಥಿಯಾಗಿ ಸೇರಿದ ಬ್ಯಾಕ್ಟೀರಿಯ ಈಗ ಅದರ ಅಂಗವೇ ಆಗಿಬಿಟ್ಟಿದೆಯೆಂದು ೨೦೨೪ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಅಕ್ಕಡಿ ಸಾಲಿನ ಲೆಕ್ಕ

ಹಳೆಯ ಮೈಸೂರಿನ ಕಡೆ ರಾಗಿಯ ಹೊಲದಲ್ಲಿ ಇಷ್ಟು ಸಾಲಿಗೆ ಒಂದರಂತೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವ ಪದ್ಧತಿಯನ್ನು ಓದುಗರು ಬಲ್ಲರು. ರಾಗಿ ಕೊಯ್ದ ಮೇಲೂ ಅವರೆ ತೊಗರಿಗಳು ಹೊಲದಲ್ಲಿ ನಿಂತು ಎಲೆ ಉದುರಿಸುತ್ತವೆ. ಪಕ್ಕದ ರಾಗಿಗೆ ಅದೇ ಹಂಗಾಮಿನಲ್ಲಿ ಸಾರಜನಕ ನೇರವಾಗಿ ಹರಿಯುವುದು ಅಲ್ಪ. ಆದರೆ ಅವರೆಯು ತನ್ನ ಪಾಲಿನ ಬಹುಭಾಗವನ್ನು ಗಾಳಿಯಿಂದ ತೆಗೆದುಕೊಳ್ಳುವುದರಿಂದ ಮಣ್ಣಿನಲ್ಲಿದ್ದದ್ದು ರಾಗಿಗೆ ಉಳಿಯುತ್ತದೆ. ಉದುರಿದ ಎಲೆ, ಕೊಳೆತ ಬೇರು ಮುಂದಿನ ವರ್ಷದ ಬೆಳೆಗೆ ಸಲ್ಲುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗಂಟುಗಳು ಹಿಡಿದ ಸಾರಜನಕದ ಹೆಚ್ಚಿನ ಪಾಲು ಕಾಳಿನಲ್ಲಿಯೇ ಸೇರಿರುತ್ತದೆ. ಕಾಳು ಪೇಟೆಗೆ ಹೋಗಿ, ಹೊಟ್ಟು ದನಕ್ಕೆ ಹೋಗಿ, ಗಿಡವನ್ನು ಬೇರುಸಹಿತ ಕಿತ್ತು ಕಣಕ್ಕೆ ಒಯ್ದರೆ ಭೂಮಿಗೆ ಉಳಿಯುವುದು ಬಹು ಸ್ವಲ್ಪ. ಹುರುಳಿಯನ್ನೂ ನೆಲಗಡಲೆಯನ್ನೂ ಕೀಳುವುದು ಹೀಗೆಯೇ. ಸಾಧ್ಯವಾದ ಕಡೆ ಗಿಡವನ್ನು ಕೊಯ್ದು ಬೇರನ್ನು ಹೊಲದಲ್ಲೇ ಬಿಡಬೇಕು. ದನ ತಿಂದ ಹೊಟ್ಟು ಗೊಬ್ಬರವಾಗಿ ಹೊಲಕ್ಕೆ ಮರಳಬೇಕು. ಸೆಣಬು, ಡಯಂಚಗಳನ್ನು ಹೂವಿನ ಹೊತ್ತಿಗೆ, ಕಾಯಿ ಕಟ್ಟುವ ಮೊದಲೇ ಉತ್ತು ಮಣ್ಣಿಗೆ ಸೇರಿಸುವುದರ ಗುಟ್ಟೂ ಇದೇ. ಹಿರಿಯರು ಗದ್ದೆಗೆ ತುಳಿಸುತ್ತಿದ್ದ ಹೊಂಗೆ ಸೊಪ್ಪೂ, ಬದುವಿನ ಮೇಲಿನ ಗೊಬ್ಬರದ ಗಿಡದ ಸೊಪ್ಪೂ ದ್ವಿದಳ ಜಾತಿಯ ಮರಗಳವೇ. ಹಾಗೆಯೇ ಎಲ್ಲ ಕಾಳೂ ಒಂದೇ ಸಮನಲ್ಲ. ದೆಹಲಿಯ ನಮ್ಮವರಿಗೆ ಪ್ರಿಯವಾದ ರಾಜ್ಮಾ, ನಾವು ಪಲ್ಯ ಮಾಡುವ ಹುರುಳಿಕಾಯಿ ಒಂದೇ ಜಾತಿ. ಗಾಳಿಯ ಸಾರಜನಕ ಹಿಡಿಯುವುದರಲ್ಲಿ ಅದು ಸೋಮಾರಿ.

ಯೂರಿಯವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಜಗತ್ತಿನ ಸುಮಾರು ಅರ್ಧ ಜನರ ಊಟ ಕಾರ್ಖಾನೆಯ ಸಾರಜನಕದ ಮೇಲೆ ನಿಂತಿದೆಯೆಂದು ತಜ್ಞರ ಅಂದಾಜು. ಆದರೆ ಬೆಳೆಗೆ ಮೀರಿ ಹಾಕಿದ ಯೂರಿಯ ಬಾವಿಯ ನೀರಿಗೆ ಇಳಿಯುತ್ತದೆ, ಸ್ವಲ್ಪ ಭಾಗ ಗಾಳಿಗೆ ಏರಿ ಭೂಮಿಯ ಕಾವನ್ನು ಹೆಚ್ಚಿಸುತ್ತದೆ. ಯಾವುದು ತಾನಾಗಿ ದೊರೆಯುತ್ತದೆಯೋ ಅದನ್ನು ಕಳೆದುಕೊಂಡು ಚೀಲಕ್ಕೆ ಹಣ ತೆರುವುದು ಜಾಣತನವಲ್ಲ ಎಂಬುದಷ್ಟೇ ನಮ್ಮ ಮಾತು.

ಪೊಟ್ಟಣದೊಳಗಿನ ಜೀವ

ಪುಣೆಯಲ್ಲಿ ನೆಲೆಸಿರುವ ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಧಾರವಾಡದ ಸೀಮೆಯಲ್ಲಿ ಮೂರೆಕರೆ ಹೊಲವಿದೆ. ತಮ್ಮನ ಮಗ ಸಾಗುವಳಿ ಮಾಡುತ್ತಾನೆ. ಆ ಹೊಲಕ್ಕೆ ಮೊದಲ ಸಲ ಸೋಯಾ ಬಿತ್ತಿದ ವರ್ಷ ಪೇಟೆಯ ಅಂಗಡಿಯೊಂದರಿಂದ ರೈಜೋಬಿಯಂ ಪೊಟ್ಟಣ ತಂದು ಬೀಜಕ್ಕೆ ಸವರಿದರು. ಗಿಡ ಹಳದಿಯಾಯಿತು. ಹುಡುಗ ಕಿತ್ತು ನೋಡಿ, “ಕಾಕಾ, ಬೇರಾಗ ಗಂಟs ಇಲ್ಲ ನೋಡ್ರಿ” ಎಂದು ಫೋನು ಮಾಡಿದ. ವಿಚಾರಿಸಿದರೆ ಆ ಪೊಟ್ಟಣಗಳು ಬೇಸಗೆಯೆಲ್ಲ ಅಂಗಡಿಯ ಮುಂದಿನ ಬಿಸಿಲಿನಲ್ಲಿದ್ದವು, ಅವಧಿಯೂ ತೀರಿತ್ತು. ಕೊಂಡದ್ದು ಸತ್ತ ಜೀವಿಗಳ ಪುಡಿ! ಮರುವರ್ಷ ಕೃಷಿ ವಿಶ್ವವಿದ್ಯಾಲಯದಿಂದಲೇ ಹೊಸ ಪೊಟ್ಟಣ ತರಿಸಿದರು. ಗಂಟು ಕಟ್ಟಿತು, ಗಿಡದ ಬಣ್ಣ ತಿರುಗಿತು.

ಆದ್ದರಿಂದ ಪೊಟ್ಟಣ ಕೊಳ್ಳುವವರು ನೋಡಬೇಕಾದದ್ದು ಮೂರು: ಅದರ ಮೇಲೆ ನಮ್ಮ ಬೆಳೆಯ ಹೆಸರೇ ಇರಬೇಕು, ಅವಧಿ ಮೀರಿರಬಾರದು, ತಂಪಿನಲ್ಲಿ ಇಟ್ಟಿದ್ದಿರಬೇಕು. ಆರಿದ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಮೆತ್ತಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಬೇಕು. ಬಿಸಿಲಿಗೆ ಹರಡಬಾರದು, ವಿಷದ ಔಷಧಿಯೊಡನೆ ಬೆರೆಸಬಾರದು. ಬೆಂಗಳೂರು, ಧಾರವಾಡಗಳ ಕೃಷಿ ವಿಶ್ವವಿದ್ಯಾಲಯಗಳು ಇಂಥ ಜೀವಾಣು ಗೊಬ್ಬರಗಳನ್ನು ತಯಾರಿಸುತ್ತವೆ.

ಮಕ್ಕಳಿಗೊಂದು ಕೆಲಸ

ಹೊಲವಿಲ್ಲದವರೂ ಇದನ್ನು ಕಣ್ಣಾರೆ ನೋಡಬಹುದು. ಬಾಲ್ಕನಿಯ ಕುಂಡದಲ್ಲಿ ಅಡಿಗೆಮನೆಯ ಅಲಸಂದೆ ಕಾಳನ್ನು ಬಿತ್ತಿ. ನರ್ಸರಿಯ ತೆಂಗಿನ ನಾರಿನ ಪುಡಿಯಲ್ಲಿ ಕೆಲಸಗಾರರು ಇರಲಾರರು; ಬೇಳೆಕಾಳು ಬೆಳೆದ ಯಾವುದಾದರೂ ನೆಲದ ಎರಡು ಹಿಡಿ ಮಣ್ಣು ಸೇರಿಸಿ. ಐದಾರು ವಾರಗಳಾದ ಮೇಲೆ, ಹೂ ಬಿಡುವ ಹೊತ್ತಿಗೆ, ನೀರು ಹಾಕಿ ಮಣ್ಣು ಸಡಿಲಿಸಿ ಒಂದು ಗಿಡವನ್ನು ಮೆಲ್ಲಗೆ ಎತ್ತಿ ತೊಳೆಯಿರಿ. ಉಗುರು ಸೋಕಿದರೆ ಕಳಚಿ ಬರುವ ದುಂಡಗಿನವು ಗಂಟುಗಳು. ಬೇರೇ ಬಾತುಕೊಂಡಿದ್ದರೆ ಅದು ಜಂತುಹುಳುವಿನ ರೋಗ. ದೊಡ್ಡವರು ಬ್ಲೇಡಿನಿಂದ ಒಂದನ್ನು ಸೀಳಿ ತೋರಿಸಲಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆಯುತ್ತಿದೆ. ಬಿಳಿಯಾಗಿದ್ದರೆ ಇನ್ನೂ ತೊಡಗಿಲ್ಲ, ಇಲ್ಲವೆ ಬಂದಿರುವುದು ಕೆಲಸಕ್ಕೆ ಬಾರದ ಬ್ಯಾಕ್ಟೀರಿಯ. ಹಸಿರು ಅಥವಾ ಕಂದಾಗಿದ್ದರೆ ದುಡಿದು ಮುಗಿದಿದೆ.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಇದೇ ಪರೀಕ್ಷೆಯನ್ನು ಹೊಲದಲ್ಲಿಯೂ ಮಾಡಿ, ಸಾಗುವಳಿ ಮಾಡುವವರಿಗೆ ತೋರಿಸಿ. ಜೊತೆಗೆ ಇನ್ನೊಂದು ಕೆಲಸ. ನಿಮ್ಮ ಹೊಲದಲ್ಲಿ ಎಷ್ಟು ಸಾಲಿಗೆ ಒಂದು ಅಕ್ಕಡಿ ಇರುತ್ತಿತ್ತು, ಯಾವ ಮಳೆಗೆ ಯಾವ ಕಾಳು, ಯಾವುದರ ಹಿಂದೆ ಯಾವುದು ಎಂಬುದನ್ನು ಅಜ್ಜನನ್ನೋ ದೊಡ್ಡಮ್ಮನನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಇದನ್ನು ಬಾಯಲ್ಲಿ ಹೇಳಬಲ್ಲವರು ಅನೇಕ ಮನೆಗಳಲ್ಲಿ ಈಗ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರಿಗೂ ವಯಸ್ಸಾಗಿದೆ. ಬ್ಯಾಕ್ಟೀರಿಯದ ಹೆಸರನ್ನು ಅವರು ಕೇಳಿರಲಾರರು. ಅದು ಕೇಳುವ ಷರತ್ತುಗಳನ್ನು ಮಾತ್ರ ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಅವರೇ.